ಪಕ್ಕದ ಸೀಟಿನ ಕ್ಲಚ್ಚು

ಲಾರಿ ಕಲಿಯಬೇಕು, ಯಾವ ಸ್ಕೂಲಿಗೆ ಸೇರಲಿ ಎಂದು ಈಗ ಕೆಲವರು ನನ್ನನ್ನು ಕೇಳುತ್ತಾರೆ. ಆರು ವರ್ಷದಿಂದ ಲಾರಿ ಓಡಿಸುತ್ತಿದ್ದೇನಲ್ಲ, ಹೇಳುವ ಯೋಗ್ಯತೆ ಇದೆ ಎಂದು ಅವರ ನಂಬಿಕೆ. ಬೈಯುವವರ ಹತ್ತಿರ ಸೇರಿ ಎನ್ನುತ್ತೇನೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಗುತ್ತಾರೆ. ಆರು ವರ್ಷ ಅಂದರೆ ನಾನು ಎರಡನೇ ಸಲ, ಮೊದಲಿನಿಂದ, ನೆಟ್ಟಗೆ ಕಲಿತ ಮೇಲಿನದು. ಅದಕ್ಕೂ ಮುಂಚೆ ಒಂದು ವಾರ ಓಡಿಸಿದ್ದೆ. ಆ ವಾರದ ವಿಷಯ ಟೀ ಅಂಗಡಿಯಲ್ಲಿ ನಿಂತು ಹೇಳುವಂಥದ್ದಲ್ಲ. ಹೇಳಹೊರಟರೆ ಒಬ್ಬರ ಎಡಗೈಯ ಸುದ್ದಿ ಬರುತ್ತದೆ, ಅಲ್ಲಿಗೆ ನಾನು ಮಾತು ಬದಲಿಸಿಬಿಡುತ್ತೇನೆ.

ಮೂವತ್ತೈದು ತುಂಬುವವರೆಗೆ ನಾನು ನಗರ್ತಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಹದಿನಾಲ್ಕು ವರ್ಷ ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತು ಸೀರೆ ಬಿಚ್ಚಿದೆ, ಮತ್ತೆ ಮಡಿಚಿದೆ. ಇಡೀ ಬೀರು ಕೆಳಗಿಳಿಸಿ ತೋರಿಸಿದ ಮೇಲೆ 'ಬೇರೆ ಏನೂ ಇಲ್ವಾ' ಎಂದು ಎದ್ದು ಹೋಗುವವರು ಇರುತ್ತಿದ್ದರು. ಅವರು ಹೋದದ್ದಕ್ಕೆ ಮಾಲೀಕರು ಮುಂದಿನ ಗಿರಾಕಿಯ ಎದುರಿಗೇ ನನ್ನನ್ನು ಬೈಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ತೋರಿಸುವ ಹಾಗಿರಲಿಲ್ಲ. ಎಲ್ಲವನ್ನೂ ನುಂಗಿಕೊಂಡು ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡುತ್ತಿದ್ದೆ. ಕೊನೆಗೆ ಮಾಲೀಕರ ಮಕ್ಕಳು ಅಂಗಡಿ ಮುಚ್ಚಿ, ಕಟ್ಟಡವನ್ನು ಮೊಬೈಲ್ ಬಿಡಿಭಾಗ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ಬಾಗಿಲು ಹಾಕಿದ ದಿನ ನಾನು ಮನಸ್ಸಿನಲ್ಲೇ ಒಂದು ಶಪಥ ಮಾಡಿದೆ. ಇನ್ನು ಮುಂದೆ ಯಾವನ ಬಾಯಿಂದಲೂ ಬೈಸಿಕೊಳ್ಳುವುದಿಲ್ಲ.

ಲಾರಿ ಯಾಕೆ ಅಂದರೆ, ಪೇಟೆಯ ಆ ಇಕ್ಕಟ್ಟಿನಲ್ಲಿ ಸರಕಿನ ಗಾಡಿ ಬಂದಾಗ ಸೇಟುಗಳೂ ಎದ್ದು ಸ್ಕೂಟರ್ ಪಕ್ಕಕ್ಕೆ ತೆಗೆಯುತ್ತಿದ್ದರು. ಡ್ರೈವರ್ ಮೇಲಿನಿಂದ ಒಂದು ಸಲ ಕೈ ಅಲ್ಲಾಡಿಸುತ್ತಿದ್ದ, ಅಷ್ಟೆ. ಹದಿನಾಲ್ಕು ವರ್ಷ ನೆಲದಲ್ಲಿ ಕೂತವನಿಗೆ ಆ ಎತ್ತರ ಕಣ್ಣಿಗೆ ಬಿದ್ದಿತ್ತು. ಅಂಗಡಿಯ ವ್ಯಾನನ್ನು ಆಗಾಗ ಓಡಿಸುತ್ತಿದ್ದುದರಿಂದ ಸಣ್ಣ ಗಾಡಿಯ ಲೈಸೆನ್ಸ್ ನನ್ನ ಹತ್ತಿರ ಇತ್ತು. ಹೆವಿ ಲೈಸೆನ್ಸ್ ಮಾಡಿಸಿದರೆ ಆಯಿತು ಎಂದುಕೊಂಡೆ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ತಿಂಡಿಗೆ ಕೂತಿದ್ದರು. ತಟ್ಟೆ ಪಕ್ಕಕ್ಕೆ ಸರಿಸಿದರು. "ಮೂರು ತಲೆಮಾರು ಪೇಟೇಲಿ ವ್ಯಾಪಾರ ಮಾಡಿದ ಮನೆ. ಲಾರಿಯೋರಿಗೆ ಬಾಡಿಗೆ ಕೊಟ್ಟಿದೀವಿ, ಲಾರಿ ಓಡಿಸಿಲ್ಲ," ಎಂದರು. ಆಮೇಲೆ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಪೇಪರಿನಿಂದ ತಲೆ ಎತ್ತದೆ, "ಹೋಗೋದೇ ಆದ್ರೆ ನಮ್ಮೋರ ಹತ್ರ ಹೋಗು. ಗೊತ್ತುಗುರಿ ಇಲ್ಲದೋರ ಹತ್ರ ಹೋಗಿ ಮರ್ಯಾದೆ ಕಳ್ಕೋಬೇಡ," ಎಂದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಅಪ್ಪನ ಮಟ್ಟಿಗೆ ಅದು ದೊಡ್ಡ ಔದಾರ್ಯವೇ ಆಗಿತ್ತು.

ಆದರೂ ಮೊದಲು ಹೋದದ್ದು ಗೊತ್ತಿಲ್ಲದವರ ಹತ್ತಿರವೇ. ಯಶವಂತಪುರ ದಾಟಿದ ಮೇಲೆ ಒಂದು ಬಯಲು, ಅಲ್ಲೊಂದು ಹಳೆಯ ಲಾರಿ, ಒಂದು ಶೆಡ್ಡು. ಕಲಿಸುವವರು ಬಸ್ ಓಡಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ನಾನು ಹೋದಾಗ ಸುಮಾರು ನನ್ನ ವಯಸ್ಸಿನ ಒಬ್ಬನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಕೆಳಗೆ ನಿಂತು ಗದರುತ್ತಿದ್ದರು. "ಕಿವಿ ಇಲ್ವಾ ನಿಂಗೆ? ಎಂಜಿನ್ ಅಳ್ತಾ ಇದೆ, ಕೇಳಿಸ್ತಿಲ್ವಾ?" ಸುತ್ತ ನಿಂತ ಏಳೆಂಟು ಜನ ಕಿಸಕ್ಕೆಂದರು. ಆ ಮನುಷ್ಯನ ಕಿವಿ ಕೆಂಪಾದದ್ದು ನನಗೆ ದೂರದಿಂದಲೇ ಕಾಣಿಸಿತು.

ನನಗೆ ಕಾರು, ವ್ಯಾನು ಬರುತ್ತದೆ ಎಂದು ಹೇಳಿಕೊಂಡೆ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದನ್ನ ಮರೆತು ಬನ್ನಿ. ಇಲ್ಲಿ ಮೊದಲ ಹತ್ತು ದಿನ ಬರೀ ರಿವರ್ಸು," ಎಂದರು.

"ಮುಂದಕ್ಕೆ ಯಾವಾಗ?" ಎಂದೆ.

"ಮುಂದಕ್ಕೆ ಹೋಗೋದು ಎಮ್ಮೆಗೂ ಬರುತ್ತೆ."

ಮತ್ತೆ ಕಿಸಕ್ಕೆಂದು ನಗು. ನಾಳೆ ಬರುತ್ತೇನೆ ಎಂದು ಹೇಳಿ ಬಸ್ ಹತ್ತಿದವನು ಆ ಕಡೆ ತಲೆ ಹಾಕಲಿಲ್ಲ. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಿದ್ದ ಉತ್ತರಗಳನ್ನು ಕಟ್ಟುತ್ತಾ ಕೂತಿದ್ದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಎರಡನೆಯದು ಮಲ್ಲೇಶ್ವರದ ಅಡ್ಡರಸ್ತೆಯೊಂದರಲ್ಲಿದ್ದ ಸ್ಕೂಲು. ಮಾಲೀಕರು ಅಪ್ಪನ ಜೊತೆ ಒಂದೇ ಉಚಿತ ಹಾಸ್ಟೆಲಿನಲ್ಲಿ ಓದಿದವರು, ನಮ್ಮ ಕಡೆಯವರು, ಮದುವೆ ಮುಂಜಿಗಳಲ್ಲಿ ನೋಡಿದ ಮುಖ. ನಾನು ಒಳಗೆ ಕಾಲಿಟ್ಟ ತಕ್ಷಣ ಎದ್ದು ಬಂದು ಹೆಗಲ ಮೇಲೆ ಕೈ ಹಾಕಿದರು. "ಬಾರಪ್ಪ, ನಿಮ್ಮಪ್ಪ ಫೋನ್ ಮಾಡಿದ್ರು. ಲಾರಿ ಓಡಿಸೋದ್ರಲ್ಲಿ ಏನು ಕಮ್ಮಿ? ಎಲ್ಲಾ ಕಾಯಕಾನೇ," ಎಂದು ಕಾಫಿ ತರಿಸಿದರು. ನನ್ನ ಕಣ್ಣು ತುಂಬಿ ಬಂತು. ಅಷ್ಟು ದಿನದಲ್ಲಿ ಆ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದ್ದು ಅವರೊಬ್ಬರೇ. ಲಾರಿ ಎಲ್ಲಿದೆ, ಎಷ್ಟು ಹೊತ್ತು ಕೊಡುತ್ತೀರಿ, ಯಾರು ಕಲಿಸುತ್ತಾರೆ ಎಂದು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತದೆ ಅನಿಸಿತು. ಅಂಗಡಿಯಲ್ಲಿ ಒಂದು ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನಾಲ್ಕು ಸಲ ನೋಡುವ ಹೆಂಗಸರನ್ನು ಕಂಡು ಉರಿದುಕೊಳ್ಳುತ್ತಿದ್ದವನು ನಾನು. ಅವರ ಅರ್ಧದಷ್ಟು ಬುದ್ಧಿಯನ್ನೂ ಅಲ್ಲಿ ಉಪಯೋಗಿಸಲಿಲ್ಲ.

ಕಲಿಕೆ ಊರಾಚೆಯ ಒಂದು ಖಾಲಿ ಲೇಔಟಿನಲ್ಲಿ. ಲಾರಿ ಒಂದು, ಕಲಿಯುವವರು ಒಂಬತ್ತು ಜನ. ಉಳಿದವರು ಹೊಂಗೆ ಮರದ ಕೆಳಗೆ ಸಾಲಾಗಿ ನಿಂತು ಸರದಿ ಕಾಯುತ್ತಿದ್ದರು. ಮಾಲೀಕರು ಬಂದ ದಿನವೆಲ್ಲ, "ನೀನ್ಯಾಕಪ್ಪ ಬಿಸಿಲಲ್ಲಿ ನಿಲ್ತೀಯ, ಕಾರಲ್ಲಿ ಕೂತ್ಕೋ ಬಾ," ಎಂದು ಕರೆಯುತ್ತಿದ್ದರು. ಕಾರಿನಲ್ಲಿ ಕೂತು ಅಪ್ಪನ ಹಾಸ್ಟೆಲ್ ಕಾಲದ ಕಥೆ ಕೇಳುತ್ತಿದ್ದೆ. ನನ್ನ ಸರದಿ ಕೊನೆಗೆ ಬರುತ್ತಿತ್ತು, ಬೇಗ ಮುಗಿಯುತ್ತಿತ್ತು. ಅದನ್ನೂ ನಾನು ಗೌರವ ಎಂದೇ ತಿಳಿದೆ.

ಅಲ್ಲಿ ಕಲಿಸುತ್ತಿದ್ದ ಮೇಷ್ಟ್ರು ಬಡಕಲು ಮನುಷ್ಯ, ಹೆಚ್ಚು ಮಾತಿಲ್ಲ. ಕಲಿಸುವ ಲಾರಿಗಳಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವನು ಎಡವಟ್ಟು ಮಾಡಿದರೆ ಮೇಷ್ಟ್ರು ಅಲ್ಲಿಂದಲೇ ಒತ್ತಿ ಗಾಡಿ ನಿಲ್ಲಿಸಬಹುದು. ಅವರು ಒತ್ತಿದರೆ ನಮ್ಮ ಕಡೆಯ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. ಬೇರೆಯವರು ಹತ್ತಿದರೆ ಲಾರಿ ಕುಪ್ಪಳಿಸಿ ಎಂಜಿನ್ ಆಫ್ ಆಗುತ್ತಿತ್ತು, ಮರದ ಕೆಳಗಿನವರು ಕೂಗಿ ಗೇಲಿ ಮಾಡುತ್ತಿದ್ದರು. ನಾನು ಹತ್ತಿದಾಗ ಒಂದು ದಿನವೂ ಆಫ್ ಆಗಲಿಲ್ಲ. ಕ್ಲಚ್ಚು ಬೆಣ್ಣೆಯ ಹಾಗಿತ್ತು. "ನಿನ್ನ ಕೈಯಲ್ಲೇ ಇದೆ ಬಿಡಪ್ಪ ವಿದ್ಯೆ," ಎಂದು ಮಾಲೀಕರು ಎಲ್ಲರೆದುರು ಹೇಳಿದರು. ನಾನು ಮನೆಗೆ ಬಂದು ಅದನ್ನೇ ಅಪ್ಪನ ಕಿವಿಗೆ ಬೀಳುವ ಹಾಗೆ ಹೆಂಡತಿಗೆ ಹೇಳಿದೆ.

ನನಗೆ ಏನೂ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಷ್ಟೋ ಸಲ ನಾನು ಒತ್ತುವ ಮೊದಲೇ ಪೆಡಲ್ ಇಳಿದಿರುತ್ತಿತ್ತು. ಕಾಲಿನ ಅಡಿಯಿಂದ ಅದು ಜಾರಿದ್ದು ತಿಳಿಯುತ್ತಿತ್ತು. ಮೇಷ್ಟ್ರ ಕಡೆ ನೋಡಿದರೆ ಅವರು ಕಿಟಕಿಯಾಚೆ ನೋಡುತ್ತಿರುತ್ತಿದ್ದರು. ನಾನೂ ನೋಟ ತಿರುಗಿಸಿ ಮುಂದಕ್ಕೆ ನೋಡುತ್ತಿದ್ದೆ. ಹೊಗಳಿಕೆ ಸಿಗುತ್ತಿರುವಾಗ ಕಾಲಿನ ಮಾತು ಯಾರಿಗೆ ಬೇಕು?

ಟೆಸ್ಟಿನ ದಿನ ಅದೇ ಲಾರಿ, ಅದೇ ಮೇಷ್ಟ್ರು ಪಕ್ಕದಲ್ಲಿ. ಪಾಸಾಯಿತು. ಲೈಸೆನ್ಸ್ ಕೈಗೆ ಬಂದ ದಿನ ಹೆಂಡತಿ ಅದನ್ನು ತಿರುಗಿಸಿ ನೋಡಿ, "ನೀವೊಬ್ರೇ ಯಾವತ್ತಾದ್ರೂ ಓಡಿಸಿದೀರಾ?" ಎಂದು ಕೇಳಿದಳು. ಅವಳು ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಯಾವ ಅರ್ಜಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಹಿಡಿಯುವುದು ಅವಳ ಕಸುಬು. ನಾನು ಕೂಗಾಡಿದೆ. ಅವಳು ಸುಮ್ಮನೆ ಲೈಸೆನ್ಸನ್ನು ದೇವರ ಮುಂದೆ ಇಟ್ಟು ಬಂದಳು.

ಕೆಲಸ ಹುಡುಕುವಾಗಲೂ ಎರಡು ದಾರಿ ಕಂಡವು. ಒಂದು, ಯಶವಂತಪುರದ ಹತ್ತಿರ ಗಂಡ ತೀರಿಕೊಂಡ ಮೇಲೆ ನಾಲ್ಕು ಲಾರಿಗಳನ್ನು ತಾವೇ ನಡೆಸುತ್ತಿದ್ದ ಒಬ್ಬರು. ಅರವತ್ತರ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ. ಲೈಸೆನ್ಸನ್ನು ನೋಡಿ ಪಕ್ಕಕ್ಕಿಟ್ಟರು. "ಇದು ಸರಿ. ಆ ಗಾಡೀನ ಒಂದ್ಸಲ ಹಿಂದಕ್ಕೆ ತಂದು ಗೋಡೆ ಪಕ್ಕ ನಿಲ್ಸಿ, ನೋಡೋಣ," ಎಂದರು. ಬಲಗೈ ಉಳುಕಿದೆ, ಇವತ್ತು ಆಗುವುದಿಲ್ಲ ಎಂದೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು. "ಪರವಾಗಿಲ್ಲ. ಹದಿನೈದು ದಿನ ನಮ್ಮ ಹಳೇ ಡ್ರೈವರ್ ಪಕ್ಕ ಕೂತು ಓಡಾಡಿ. ಅವರು ಹೂಂ ಅಂದ್ಮೇಲೆ ಗಾಡಿ ಕೊಡ್ತೀನಿ," ಎಂದರು. ಲೈಸೆನ್ಸ್ ಇರುವವನನ್ನು ಪಕ್ಕದಲ್ಲಿ ಕೂರಿಸುತ್ತಾರಂತೆ ಎಂದು ನನಗೆ ಸಿಟ್ಟು. ಆ ಸಿಟ್ಟಿನ ಕೆಳಗೆ ಹೆದರಿಕೆ ಇತ್ತು, ಅದನ್ನು ಈಗ ಹೇಳಬಲ್ಲೆ.

ಇನ್ನೊಂದು, ಮಲ್ಲೇಶ್ವರದ ಸ್ಕೂಲಿನವರ ಬೀಗರು. ಕಲಾಸಿಪಾಳ್ಯದಲ್ಲಿ ಅವರದೊಂದು ಪಾರ್ಸೆಲ್ ಆಫೀಸು. ಊರೂರಿಗೆ ಹೋಗುವ ಮೂಟೆ, ಪೆಟ್ಟಿಗೆಗಳನ್ನು ಅಲ್ಲಿಂದ ತುಮಕೂರು ರಸ್ತೆಯ ಗೋಡೌನಿಗೆ ಸಾಗಿಸಲು ಡ್ರೈವರ್ ಬೇಕಿತ್ತು. ನಾನು ಹೋದಾಗ ಲಾರಿಯ ಕೀಲಿ ಮೇಜಿನ ಮೇಲೇ ಇತ್ತು. ಒಂದು ಸಲ ಓಡಿಸಿ ತೋರಿಸಲೇ ಎಂದು ನಾನೇ ಬಾಯಿಮಾತಿಗೆ ಕೇಳಿದೆ. "ಬೀಗರು ಹೇಳಿದ್ಮೇಲೆ ಟ್ರಯಲ್ ಯಾಕಪ್ಪ? ಅವರಿಗೆ ಅವಮಾನ ಮಾಡಿದ ಹಾಗಲ್ವಾ?" ಎಂದರು. ನನಗೆ ಜೀವ ಬಂದ ಹಾಗಾಯಿತು. ಸಂಜೆಯೊಳಗೆ ಅಪ್ಪ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದ್ದರು. ನಮ್ಮ ಹುಡುಗ ನಮ್ಮೋರ ಕಂಪನೀಲೇ ಇದಾನೆ, ಸಾರಿಗೆ ವಿಭಾಗ ನೋಡ್ಕೋತಾನೆ ಎಂದು. ಲಾರಿ ಎಂಬ ಶಬ್ದ ಆಗಲೂ ಅವರ ಬಾಯಿಂದ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಸೇರಿದೆ. ಕೀಲಿ ತಿರುಗಿಸಿ, ಗೇರು ಹಾಕಿ, ಕ್ಲಚ್ಚು ಬಿಟ್ಟೆ. ಲಾರಿ ಒಂದು ಸಲ ಎಗರಿ ಎಂಜಿನ್ ಆಫ್ ಆಯಿತು. ಮತ್ತೆ ಹಾಗೇ. ಮೂರನೇ ಸಲಕ್ಕೆ ಹೊರಟಿತು, ಆದರೆ ಪ್ರತಿ ಸಿಗ್ನಲ್ಲಿನಲ್ಲೂ ನಿಂತುಹೋಗಿ ಹಿಂದಿನವರ ಹಾರ್ನ್, ಬೈಗುಳ. ಆ ಪೆಡಲು ಕಬ್ಬಿಣದ ಬಾಗಿಲಿನ ಹಾಗಿತ್ತು, ಎಲ್ಲಿ ಹಿಡಿಯುತ್ತದೆ ಎಲ್ಲಿ ಬಿಡುತ್ತದೆ ಎಂದು ನನ್ನ ಕಾಲಿಗೆ ತಿಳಿಯುತ್ತಲೇ ಇರಲಿಲ್ಲ. ಮಧ್ಯಾಹ್ನ ವಾಪಸ್ ಬಂದಾಗ ಸುಟ್ಟ ವಾಸನೆ ಆಫೀಸಿನವರೆಗೂ ಬಂತು. ಮಾಲೀಕರು ಹೊರಗೆ ಬಂದರು. ಕ್ಲಚ್ಚು ಸರಿ ಇಲ್ಲ ಅನಿಸುತ್ತದೆ ಎಂದೆ.

ಬುಧವಾರ ಮೆಕ್ಯಾನಿಕ್ ಬಂದು ನೋಡಿದ. "ಕ್ಲಚ್ ಚೆನ್ನಾಗೇ ಇದೆ ಸಾರ್," ಎಂದ. ನನ್ನ ಕಡೆ ಒಮ್ಮೆ ನೋಡಿದ. ಮಾಲೀಕರು, "ಇರ್ಲಿ, ಬದಲಾಯ್ಸಿಬಿಡು. ಅವನಿಗೆ ಸಮಾಧಾನ ಆಗ್ಲಿ," ಎಂದರು. ಚೆನ್ನಾಗಿದ್ದ ಕ್ಲಚ್ಚನ್ನು ನನ್ನ ಸಮಾಧಾನಕ್ಕಾಗಿ ಬಿಚ್ಚಿ ಹೊಸದು ಹಾಕಿದರು. ನಾನು ಪಕ್ಕದಲ್ಲಿ ನಿಂತು ಸ್ಪಾನರ್ ಎತ್ತಿಕೊಡುತ್ತಿದ್ದೆ. ಗುರುವಾರ ಬೆಳಿಗ್ಗೆ ಹೊಸ ಕ್ಲಚ್ಚಿನ ಲಾರಿಯೂ ಅದೇ ಜಾಗದಲ್ಲಿ ಅದೇ ಥರ ಎಗರಿ ನಿಂತಿತು.

ಅವತ್ತೇ ಸಂಜೆ ಮಲ್ಲೇಶ್ವರಕ್ಕೆ ಹೋಗಿ, ಸ್ಕೂಲಿನ ಹೊರಗೆ ಬಡಕಲು ಮೇಷ್ಟ್ರನ್ನು ಹಿಡಿದೆ. ನಾನು ಓಡಿಸುವಾಗ ಕ್ಲಚ್ಚು ಒತ್ತುತ್ತಿದ್ದುದು ನೀವಾ ಎಂದು ಸುತ್ತುಬಳಸದೆ ಕೇಳಿದೆ.

"ಯಜಮಾನ್ರು ಹೇಳಿದ್ರು ಸಾರ್. ನಮ್ಮೋರ ಹುಡುಗ, ಎಲ್ಲರೆದುರು ಗಾಡಿ ಆಫ್ ಆಗಿ ನಗೆಪಾಟಲಾಗೋದು ಬೇಡ, ಸ್ವಲ್ಪ ನೋಡ್ಕೋ ಅಂತ. ನಾನು ಕಾಲು ತೆಗೀಲೇ ಇಲ್ಲ."

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ. ನೀವು ಕೇಳಿದ್ರೆ ಹೇಳ್ತಿದ್ದೆ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಇಡೀ ತಿಂಗಳು ಲಾರಿ ಓಡಿಸಿದ್ದು ಅವರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಕೂತಿದ್ದೆ. ಹದಿನೈದು ದಿನ ಪಕ್ಕದಲ್ಲಿ ಕೂರಲು ಒಪ್ಪದ ನಾನು ಮೂವತ್ತು ದಿನ ಕೂತದ್ದು ಒಂಥರಾ ಪಕ್ಕದಲ್ಲೇ.

ಆ ಗುರುವಾರ ಸಂಜೆಯೇ ಕಲಾಸಿಪಾಳ್ಯಕ್ಕೆ ಹೋಗಿ ಹೇಳಬೇಕಿತ್ತು. ನನಗೆ ಬರುವುದಿಲ್ಲ, ಗಾಡಿ ಬೇರೆಯವರಿಗೆ ಕೊಡಿ. ಒಂದೇ ಮಾತು. ಬಸ್ಸಿನಲ್ಲಿ ಕೂತು ಅದನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದೆ. ಹೇಳಿದರೆ ಕ್ಲಚ್ಚು ಬದಲಾಯಿಸಿದವರಿಗೆ ಏನನಿಸುತ್ತದೆ, ಶಿಫಾರಸು ಮಾಡಿದ ಬೀಗರ ಮುಖ ಎಲ್ಲಿ ಉಳಿಯುತ್ತದೆ, ಬೀದಿಗೆಲ್ಲ ಹೇಳಿಕೊಂಡ ಅಪ್ಪ ಹೊರಗೆ ಹೇಗೆ ಹೋಗುತ್ತಾರೆ. ಒಬ್ಬೊಬ್ಬರ ಮುಖವೂ ಎದುರಿಗೆ ಬಂತು. ಶುಕ್ರವಾರ, ಶನಿವಾರ ಹೇಗೋ ದಾಟಿಸಿ, ಭಾನುವಾರ ಖಾಲಿ ಬಯಲಿನಲ್ಲಿ ಒಬ್ಬನೇ ಅಭ್ಯಾಸ ಮಾಡಿಕೊಂಡರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಎಲ್ಲರ ಮುಖವೂ ಬಂದ ಆ ಹೊತ್ತಿನಲ್ಲಿ ಒಬ್ಬರ ಮುಖ ಮಾತ್ರ ಬರಲಿಲ್ಲ. ಲಾರಿಯ ಹಿಂದೆ ನಿಲ್ಲುತ್ತಿದ್ದವರದು.

ಅವರು ಪಾರ್ಸೆಲ್ ಆಫೀಸಿನ ಹಮಾಲಿ. ಐವತ್ತರ ಆಸುಪಾಸು, ತಲೆಗೆ ಟವೆಲ್, ಸೊಂಟದಲ್ಲಿ ಮೂಟೆ ಎಳೆಯುವ ಕೊಕ್ಕೆ. ಲಾರಿಯನ್ನು ಹಿಂದಕ್ಕೆ ತಂದು, ಸರಕು ಏರಿಸಿ ಇಳಿಸುವ ಕಲ್ಲಿನ ಕಟ್ಟೆಗೆ ಒರಗಿಸುವಾಗ ಹಿಂದೆ ನಿಂತು ದಾರಿ ತೋರಿಸುವುದು ಅವರ ಕೆಲಸ. ಅಲ್ಲಿ ನೆಲ ಕಟ್ಟೆಯ ಕಡೆಗೆ ಸ್ವಲ್ಪ ಇಳಿಜಾರು. "ಬರ್ಲಿ, ಬರ್ಲಿ" ಎನ್ನುತ್ತಾ ಲಾರಿಯ ಮೈ ತಟ್ಟುತ್ತಿದ್ದರು. ಎರಡು ಸಲ ಬಿರುಸಾಗಿ ತಟ್ಟಿದರೆ ನಿಲ್ಲಿಸಬೇಕು. ಬೇರೆ ಡ್ರೈವರುಗಳಿಗೆ ಕಟ್ಟೆಗೆ ಗೇಣು ದೂರ ಇರುವಾಗ ತಟ್ಟುತ್ತಿದ್ದರು. ನನಗೆ ಮೂರು ಅಡಿ ಇರುವಾಗಲೇ. ಉಳಿದ ಮೂರು ಅಡಿಗೆ ಹಲಗೆ ಹಾಕಿ, ಒಬ್ಬರೇ ಮೂಟೆ ಹೊತ್ತು ದಾಟಿಸುತ್ತಿದ್ದರು. ಹೊಸಬ ಎಂದು ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

ಶನಿವಾರ ಮಧ್ಯಾಹ್ನ ಸರಕು ಜಾಸ್ತಿ ಇತ್ತು, ಪಕ್ಕದಲ್ಲಿ ಇನ್ನೊಂದು ಲಾರಿ ಕಾಯುತ್ತಿತ್ತು. ಹಲಗೆ ಹಾಕುತ್ತಾ ಕೂರಲು ಹೊತ್ತಿಲ್ಲ, ಕಟ್ಟೆಗೆ ಒರಗಿಸಿ ನಿಲ್ಲಿಸಿ ಎಂದು ಮಾಲೀಕರು ಒಳಗಿನಿಂದ ಹೇಳಿದರು. ಹಮಾಲಿ ಒಂದು ಕೈಯನ್ನು ಹಿಂದಿನ ಬಾಗಿಲ ಮೇಲಿಟ್ಟು ಬರ್ಲಿ ಎಂದರು. ನಿಧಾನಕ್ಕೆ ಬಂದೆ. ಎರಡು ಸಲ ತಟ್ಟಿದ ಸದ್ದು ಸರಿಯಾಗಿ ಕೇಳಿಸಿತು. ಕ್ಲಚ್ಚು ಪೂರ್ತಿ ಒತ್ತಿ ಬ್ರೇಕಿಗೆ ಕಾಲು ಹಾಕಬೇಕು. ನಾನು ಬ್ರೇಕಿನ ಕಡೆ ಕಾಲು ಸರಿಸುವ ಗಡಿಬಿಡಿಯಲ್ಲಿ ಎಡಗಾಲನ್ನು ಎತ್ತಿಬಿಟ್ಟೆ. ಲಾರಿ ಹಿಂದಕ್ಕೆ ಎಗರಿ ಕಟ್ಟೆಗೆ ಗುದ್ದಿ ನಿಂತಿತು. ಕೂಗು ಕೇಳಿಸಲಿಲ್ಲ. ಯಾರೋ ಬಂದು ಬಾಗಿಲು ಬಡಿದು, ಮುಂದಕ್ಕೆ ತಗೋ, ಮುಂದಕ್ಕೆ ತಗೋ ಎಂದರು. ಎಂಜಿನ್ ಆಫ್ ಆಗಿತ್ತು. ಅದನ್ನು ಶುರು ಮಾಡಿ, ಅರ್ಧ ಅಡಿ ಮುಂದಕ್ಕೆ ತರಲು ನನ್ನಿಂದ ಆಗಲಿಲ್ಲ. ಪಕ್ಕದ ಲಾರಿಯ ಡ್ರೈವರ್ ನನ್ನನ್ನು ಸರಿಸಿ ಕೂತು ಮುಂದಕ್ಕೆ ತಂದ. ಆ ಅರ್ಧ ನಿಮಿಷ ಹಮಾಲಿಯ ಎಡಗೈ ಬಾಗಿಲಿಗೂ ಕಟ್ಟೆಗೂ ನಡುವೆಯೇ ಇತ್ತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದವು ಮಡಿಚಲು ಬರುತ್ತವೋ ಇಲ್ಲವೋ ಹೇಳಲಾಗದು ಎಂದರು.

ವರಾಂಡದಲ್ಲಿ ಮಾಲೀಕರು ನನ್ನ ಪಕ್ಕ ಬಂದು ಕೂತರು. ಏನಾಯಿತು ಎಂದು ಕೇಳಲಿಲ್ಲ. "ಬ್ರೇಕ್ ಹಿಡೀಲಿಲ್ಲ ಅಂತ ಹೇಳಿದೀನಿ ಎಲ್ರಿಗೂ. ನೀನೂ ಹಾಗೇ ಹೇಳು. ಆಸ್ಪತ್ರೆದು ನಾನು ನೋಡ್ಕೋತೀನಿ. ತಲೆ ಕೆಡಿಸ್ಕೋಬೇಡ, ಸೋಮವಾರ ಎಂದಿನಂತೆ ಬಾ," ಎಂದು ಬೆನ್ನು ತಟ್ಟಿದರು. ನಾನು ತಲೆಯಾಡಿಸಿದೆ. ಮನೆಗೆ ಹೋದರೆ ಅಪ್ಪನಿಗೆ ಆಗಲೇ ಫೋನ್ ಬಂದಿತ್ತು. "ಎಂಥಾ ದೊಡ್ಡ ಮನಸ್ಸು ನೋಡು ಅವರದು. ಬೇರೆಯೋರಾಗಿದ್ರೆ ನಿನ್ನ ಪೊಲೀಸ್ ಸ್ಟೇಷನ್‌ಗೆ ಕಳಿಸೋರು," ಎಂದರು. ಹೆಂಡತಿ ಊಟ ಬಡಿಸಿಟ್ಟು ಒಳಗೆ ಹೋದಳು. ಅವಳು ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಜೀವನದಲ್ಲಿ ಮೊದಲ ಸಲ ಯಾರಾದರೂ ನನ್ನನ್ನು ಹಿಡಿದು ಬೈಯಲಿ ಅನಿಸಿತು, ಯಾರೂ ಬೈಯಲಿಲ್ಲ.

ಹಮಾಲಿಯನ್ನು ಭಾನುವಾರ ಬೆಳಿಗ್ಗೆಯೇ ಮನೆಗೆ ಕಳಿಸಿದ್ದರು. ಮನೆ ಶ್ರೀರಾಂಪುರದಲ್ಲಿ. ಹತ್ತು ಗಂಟೆಯ ಹೊತ್ತಿಗೆ ಹೋದೆ. ಎರಡಾಳು ಅಗಲದ ಓಣಿ, ಹೊರಗೆ ನಲ್ಲಿಯ ಹತ್ತಿರ ಬಿಂದಿಗೆಗಳು. ಅವರು ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು, ಕೈಯನ್ನು ಬಟ್ಟೆಯಿಂದ ಕುತ್ತಿಗೆಗೆ ಕಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದರು. ಅವರು ಎದ್ದು ನಿಲ್ಲಲು ಹೋದದ್ದನ್ನು ನಾನು ಮರೆತಿಲ್ಲ. ನಾನು ಬ್ರೆಡ್ಡು, ಮೂಸಂಬಿ ತೆಗೆದುಕೊಂಡು ಹೋಗಿದ್ದೆ. ಅವರ ಹೆಂಡತಿ ಒಂದು ಮೂಸಂಬಿ ಕೊಟ್ಟಾಗ ಅದನ್ನು ಬಲಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಸುಲಿಯಲು ಇನ್ನೊಂದು ಕೈ ಬೇಕೆಂದು ನಮಗೆ ಮೂವರಿಗೂ ಒಂದೇ ಸಲ ಹೊಳೆಯಿತು. ಆಕೆ ಅದನ್ನು ವಾಪಸ್ ತೆಗೆದುಕೊಂಡು ಸುಲಿಯತೊಡಗಿದರು.

"ನಂದೇ ತಪ್ಪು ಸಾರ್," ಎಂದರು ಅವರು. "ಕೈ ಅಲ್ಲಿ ಇಡಬಾರದಿತ್ತು. ಯಜಮಾನ್ರು ಬ್ರೇಕ್ ಹೋಯ್ತು ಅಂದ್ರು. ಯಂತ್ರ ಅಲ್ವಾ, ಯಾರೇನು ಮಾಡಕ್ಕಾಗುತ್ತೆ."

"ಅಣ್ಣ, ಬ್ರೇಕ್ ಸರಿ ಇತ್ತು," ಎಂದೆ.

"ಗೊತ್ತು."

ಅಷ್ಟು ಸಲೀಸಾಗಿ ಹೇಳಿದರು. ಆಕೆ ಸುಲಿಯುವುದನ್ನು ನಿಲ್ಲಿಸದೆ ಹೇಳಿದರು. "ಸೋಮವಾರಾನೇ ಬಂದು ಹೇಳಿದ್ರು, ಹೊಸ ಡ್ರೈವರ್‌ಗೆ ಓಡಿಸಕ್ಕೆ ಬರಲ್ಲ ಅಂತ. ದಿನಾ ಹೇಳೋರು. ನಾನು ಯಜಮಾನ್ರಿಗೆ ಹೇಳಿ ಅಂದೆ."

"ಹೇಳ್ಬೇಕಿತ್ತು," ಎಂದೆ.

"ಏನಂತ ಹೇಳ್ಲಿ ಸಾರ್? ನೀವು ಅವರ ಕಡೆಯೋರು. ನಿಮಗೋಸ್ಕರ ಚೆನ್ನಾಗಿರೋ ಕ್ಲಚ್ ತೆಗ್ಸಿ ಬೇರೆ ಹಾಕ್ಸಿದ್ರು. ಅಂಥದ್ರಲ್ಲಿ ನಾನು ಮೂಟೆ ಹೊರೋನು, ಹೋಗಿ ಏನಂತ ಹೇಳ್ಲಿ? ಹುಷಾರಾಗಿ ನಿಂತ್ಕೊಂಡ್ರೆ ಆಯ್ತು, ಕಲ್ತ್ಕೋತಾರೆ ಅಂದ್ಕೊಂಡೆ."

ಕೋಪವಿಲ್ಲದ ದನಿ. ಮಾಲೀಕರಿಗೆ ಗೊತ್ತಿತ್ತು, ಮೆಕ್ಯಾನಿಕ್ಕಿಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು, ಇವರ ಹೆಂಡತಿಗೆ ಅಡುಗೆಮನೆಯಲ್ಲಿ ಕೂತೇ ಗೊತ್ತಿತ್ತು. ಗುರುವಾರದಿಂದ ನನಗೂ ಗೊತ್ತಿತ್ತು. ನನ್ನ ಮನಸ್ಸಿಗೆ ನೋವಾಗಬಾರದೆಂದು ಇಷ್ಟು ಜನ ಬಾಯಿ ಮುಚ್ಚಿಕೊಂಡಿದ್ದರು. ಅದರಲ್ಲಿ ಸುಮ್ಮನಿದ್ದುದಕ್ಕೆ ಬೆರಳು ಕೊಟ್ಟವರು ಇವರೊಬ್ಬರೇ. ನನಗೆ ನಾಚಿಕೆಯಾಯಿತು. ಬಾಗಿಲಾಚೆಗೆ ಎದ್ದು ಹೋಗಿಬಿಡೋಣ ಅನಿಸಿತು.

ಹಮಾಲಿ ನನ್ನ ಕಡೆ ತಿರುಗಿದರು.

"ಸಾರ್, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ. ನಾಳೆ ಗಾಡಿ ನೀವೇ ಓಡಿಸ್ತೀರಾ?"

"ಯಾಕಣ್ಣ?"

"ನನ್ನ ಬದಲಿಗೆ ನನ್ನ ಭಾಮೈದನ್ನ ಕಳ್ಸು ಅಂದಿದಾರೆ ಯಜಮಾನ್ರು. ಇವಳ ತಮ್ಮ. ಹೊಸಬ, ಹಿಂದೆ ನಿಂತು ಅಭ್ಯಾಸ ಇಲ್ಲ. ಅದಕ್ಕೆ ಕೇಳ್ದೆ."

ಆಕೆಯ ಕೈ ನಿಂತಿತು. ಆಕೆ ನನ್ನನ್ನು ನೋಡಲಿಲ್ಲ, ಮೂಸಂಬಿಯನ್ನೇ ನೋಡುತ್ತಾ ಕೂತರು. ಮಾಲೀಕರು, ಅವರ ಬೀಗರು, ಅಪ್ಪ, ನಮ್ಮ ಬೀದಿ, ಯಾರಿಗೆ ಏನನಿಸುತ್ತದೋ ಅನಿಸಲಿ ಎಂದುಕೊಳ್ಳಲು ನನಗೆ ಆಗಲೂ ಧೈರ್ಯ ಸಾಲಲಿಲ್ಲ, ಆದರೂ ಹೇಳಿದೆ. ಬಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದ್ದ ಮಾತು ಅದು. ಬಾಯಿಂದ ಹೊರಗೆ ತಂದದ್ದು ಅದೇ ಮೊದಲು.

"ಇಲ್ಲ ಅಣ್ಣ. ನನಗೆ ಲಾರಿ ಓಡಿಸೋಕೆ ಬರಲ್ಲ. ಇವತ್ತೇ ಹೋಗಿ ಕೀಲಿ ಕೊಟ್ಟು, ಅವರಿಗೂ ಇದೇ ಹೇಳ್ತೀನಿ."

ಅವರು ತಲೆಯಾಡಿಸಿ ಹೆಂಡತಿಯ ಕಡೆ ತಿರುಗಿದರು.

"ನಿನ್ನ ತಮ್ಮನಿಗೆ ಫೋನ್ ಮಾಡು," ಎಂದರು. "ನಾಳೆ ಕೆಲ್ಸಕ್ಕೆ ಬರ್ಬೋದು ಅಂತ ಹೇಳು."